ಲಿನಕ್ಸ್ ನಡೆಯುವ ಲ್ಯಾಪ್‌ಟಾಪ್: ಒಂದು ಖರೀದಿಯ ಹಿಂದಿನ ಮೂವತ್ತು ವರ್ಷ

1991ರ ಜನವರಿಯಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯೊಬ್ಬ ಕಂತಿನ ಮೇಲೆ ಒಂದು ಕಂಪ್ಯೂಟರ್ ಕೊಂಡ. ಇಂಟೆಲ್ 386 ಪ್ರೊಸೆಸರ್, 4 ಎಂಬಿ ಮೆಮೊರಿ. ಅದೇ ವರ್ಷ ಆಗಸ್ಟ್ 25ರಂದು, ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಬಗ್ಗೆ ಹೊರಗಿನವರಿಗೆ ಮೊದಲ ಸಲ ತಿಳಿಸುವಾಗ ಆತ ಒಂದು ಮಾತು ಸೇರಿಸಿದ: ಎಟಿ ಹಾರ್ಡ್ ಡಿಸ್ಕ್ ಬಿಟ್ಟು ಬೇರೆಯದರ ಜೊತೆ ಇದು ಬಹುಶಃ ಎಂದೂ ನಡೆಯಲಾರದು, ತನ್ನ ಹತ್ತಿರ ಇರುವುದು ಅದೊಂದೇ.

ಲಿನಸ್ ಟೊರ್ವಾಲ್ಡ್ಸ್ ಹೇಳಿದ ಭವಿಷ್ಯ ಸುಳ್ಳಾಯಿತು. 2017ರ ನವೆಂಬರಿನ ಪಟ್ಟಿಯ ಹೊತ್ತಿಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳಲ್ಲಿ ಐನೂರೂ ಲಿನಕ್ಸ್ ಮೇಲೇ ಓಡುತ್ತಿದ್ದವು. ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಅದೇ ಕರ್ನಲ್. ಆದರೆ ಆತ ಕೊಟ್ಟ ಕಾರಣ ಮಾತ್ರ ಸುಳ್ಳಾಗಲಿಲ್ಲ. ಡ್ರೈವರ್ ಬರೆಯುವವನ ಮೇಜಿನ ಮೇಲೆ ಯಾವ ಯಂತ್ರ ಇದೆಯೋ, ಅದರ ಕೈಪಿಡಿ ಯಾರ ಕೈಗೆ ಸಿಕ್ಕಿದೆಯೋ, ಆ ಯಂತ್ರದಲ್ಲಿ ಲಿನಕ್ಸ್ ಸಲೀಸಾಗಿ ನಡೆಯುತ್ತದೆ. 50 ಸಾವಿರ ರೂಪಾಯಿ ಹಿಡಿದುಕೊಂಡು ಲ್ಯಾಪ್‌ಟಾಪ್ ಕೊಳ್ಳಲು ಹೊರಟವರಿಗೆ ಪ್ರೊಸೆಸರಿನ ವೇಗಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಇದು.

ಈ ಪ್ರಶ್ನೆ ಈಗ ಹವ್ಯಾಸಿಗಳದ್ದಷ್ಟೇ ಆಗಿ ಉಳಿದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಟಿಪಿಎಂ 2.0 ಇರುವ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ನಂತರದ ಯಂತ್ರಗಳನ್ನು. 2016–17ರಲ್ಲಿ ಕೊಂಡ, ಕೀಲಿಮಣೆ ಸವೆಯದ, ಪರದೆ ಮಂಕಾಗದ ಎಷ್ಟೋ ಲ್ಯಾಪ್‌ಟಾಪುಗಳು ಒಂದು ತಾರೀಖಿನಿಂದ ಹಳೆಯವಾದವು. ಯಂತ್ರ ಸತ್ತಿತು ಎಂದು ಹೇಳುವ ಅಧಿಕಾರ ಕೊಂಡವರದ್ದೋ, ಮಾರಿದವರದ್ದೋ ಎಂಬ ಜಗಳ ಆಗ ಮನೆಮನೆಗೆ ಬಂತು. ಜಗಳವೇನೋ ಹಳೆಯದೇ.

ಮೊದಲ ಹತ್ತು ವರ್ಷ ಲಿನಕ್ಸ್ ಬೆಳೆದದ್ದು ಮೇಜಿನ ಮೇಲಿನ ಪಿಸಿಗಳಲ್ಲಿ. ಅದಕ್ಕೊಂದು ಅನುಕೂಲವಿತ್ತು. ಐಬಿಎಂನ ವಿನ್ಯಾಸವನ್ನು ಎಲ್ಲರೂ ನಕಲು ಮಾಡಿದ್ದರಿಂದ ಒಂದು ಪಿಸಿ ಇನ್ನೊಂದರಂತೆಯೇ ಇರುತ್ತಿತ್ತು. ಕೆಲಸ ಮಾಡದ ಕಾರ್ಡನ್ನು ಕಿತ್ತು ಬೇರೆ ಹಾಕಬಹುದಿತ್ತು. ಲ್ಯಾಪ್‌ಟಾಪ್ ಹಾಗಲ್ಲ. ಬೆರಳಷ್ಟು ದಪ್ಪದ ಪೆಟ್ಟಿಗೆಯೊಳಗೆ ಪ್ರತಿ ಕಂಪನಿಯೂ ತನಗೆ ತೋಚಿದಂತೆ ತಂತಿ ಎಳೆದಿರುತ್ತದೆ. ಬೆಳಕು ಹೆಚ್ಚಿಸುವ ಗುಂಡಿ, ಫ್ಯಾನು, ಬ್ಯಾಟರಿ, ಮುಚ್ಚಳದ ಸ್ವಿಚ್ಚು ಎಲ್ಲಕ್ಕೂ ಅವರವರದೇ ರೀತಿ. ಮೇಲಾಗಿ 1990ರ ದಶಕದ ಕೊನೆಗೆ ಖರ್ಚು ಉಳಿಸಲು ಅರ್ಧ ಕೆಲಸವನ್ನು ವಿಂಡೋಸ್ ತಂತ್ರಾಂಶಕ್ಕೇ ವಹಿಸಿದ ಮೋಡೆಮುಗಳು ಬಂದವು. ಅವುಗಳಿಗೆ ವಿನ್‌ಮೋಡೆಮ್ ಎಂದೇ ಹೆಸರು ಬಿತ್ತು. ವಿಂಡೋಸ್ ಇಲ್ಲದಿದ್ದರೆ ಆ ಮೋಡೆಮ್ ಮೋಡೆಮೇ ಅಲ್ಲ.

1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೊಶಿಬಾ ಸೇರಿ ಎಸಿಪಿಐ ಎಂಬ ಒಪ್ಪಂದವನ್ನು ಹೊರತಂದವು. ವಿದ್ಯುತ್ತಿನ ನಿರ್ವಹಣೆ, ನಿದ್ದೆ, ಎಚ್ಚರ ಇವೆಲ್ಲ ಆಪರೇಟಿಂಗ್ ಸಿಸ್ಟಂ ಕೈಗೆ ಬರಲಿ, ಅದಕ್ಕೆ ಬೇಕಾದ ಸೂಚನೆಗಳನ್ನು ಪ್ರತಿ ಯಂತ್ರವೂ ತನ್ನ ಬಯೋಸ್‌ನಲ್ಲಿ ಬರೆದಿಟ್ಟಿರಲಿ ಎಂಬುದು ಇದರ ತಿರುಳು. ಕಾಗದದ ಮೇಲೆ ಇದು ಎಲ್ಲರಿಗೂ ಒಳ್ಳೆಯದೇ. ಆದರೆ ಬಯೋಸ್ ಬರೆದವರು ಅದನ್ನು ಪರೀಕ್ಷಿಸುತ್ತಿದ್ದುದು ಬಹುಪಾಲು ವಿಂಡೋಸ್ ಜೊತೆ ಮಾತ್ರ. ವಿಂಡೋಸ್ ಕಂಡೂ ಕಾಣದಂತೆ ಬಿಡುವ ತಪ್ಪು ಬಯೋಸ್‌ನಲ್ಲಿ ಹಾಗೇ ಉಳಿದು ಲಿನಕ್ಸ್‌ನ ಕಾಲಿಗೆ ತೊಡರುತ್ತಿತ್ತು. ಎಸಿಪಿಐ ವಿಸ್ತರಣೆಗಳನ್ನು ವಿಂಡೋಸಿಗೆ ಮಾತ್ರ ಸೀಮಿತವಾಗುವಂತೆ ಮಾಡಲು ಆಗುವುದಿಲ್ಲವೇ, ನಾವು ಪಟ್ಟ ಶ್ರಮದಿಂದ ಲಿನಕ್ಸಿಗೂ ಲಾಭವಾಗುತ್ತದಲ್ಲ ಎಂದು ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಸಹೋದ್ಯೋಗಿಗಳಿಗೆ ಬರೆದ ಇಮೇಲ್ ಮುಂದೆ ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯೊಂದರಲ್ಲಿ ಬಹಿರಂಗವಾಯಿತು. ಆ ಆಸೆ ಕಾರ್ಯರೂಪಕ್ಕೆ ಬಂತೆಂದು ಆ ಇಮೇಲ್ ಒಂದರಿಂದಲೇ ಹೇಳಲಾಗದು. ಬರುವ ಅಗತ್ಯವೂ ಇರಲಿಲ್ಲವೇನೋ. ಉದಾಸೀನವೇ ಅಷ್ಟು ಕೆಲಸ ಮಾಡುತ್ತಿತ್ತು.

ಇದಕ್ಕೆ ಲಿನಕ್ಸ್ ಕಂಡುಕೊಂಡ ಉಪಾಯ ತಮಾಷೆಯದು. ಯಂತ್ರ ಶುರುವಾಗುವಾಗ ಬಯೋಸ್ ತನ್ನ ಮೇಲೆ ಯಾವ ಆಪರೇಟಿಂಗ್ ಸಿಸ್ಟಂ ಓಡುತ್ತಿದೆ ಎಂದು ವಿಚಾರಿಸಬಹುದು. ‘ಲಿನಕ್ಸಾ?’ ಎಂದು ಕೇಳಿದರೆ ಇಂದಿನ ಲಿನಕ್ಸ್ ಸುಮ್ಮನಿರುತ್ತದೆ. ‘ವಿಂಡೋಸಾ?’ ಎಂದು ಕೇಳಿದರೆ ಹೌದು ಎನ್ನುತ್ತದೆ. ಪರೀಕ್ಷೆಗೆ ಒಳಗಾದ ದಾರಿ ಅದೊಂದೇ, ಆದ್ದರಿಂದ ಅದರಲ್ಲೇ ಹೋಗುವುದು ಕ್ಷೇಮ. ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪುಗಳಲ್ಲಿ ದಿನಾ ಬೆಳಗ್ಗೆ ಈ ವೇಷ ನಡೆಯುತ್ತಿರುತ್ತದೆ.

ನಂತರ ವೈಫೈ ಬಂತು. 2003ರ ಮಾರ್ಚಿನಲ್ಲಿ ಇಂಟೆಲ್ ‘ಸೆಂಟ್ರಿನೊ’ ಹೆಸರಿನಲ್ಲಿ ಪ್ರೊಸೆಸರ್, ಚಿಪ್‌ಸೆಟ್, ವೈಫೈ ಮೂರನ್ನೂ ಒಟ್ಟು ಕಟ್ಟಿ ಮಾರಲು ಶುರು ಮಾಡಿತು. ಲಿನಕ್ಸ್ ಡ್ರೈವರ್ ಇರಲಿಲ್ಲ. ಒತ್ತಾಯ ಹೆಚ್ಚಿ 2004ರಲ್ಲಿ ಇಂಟೆಲ್ ತಾನೇ ಮುಕ್ತ ಡ್ರೈವರ್ ಯೋಜನೆ ಆರಂಭಿಸಿತು. ಅಲ್ಲಿಂದ ಇಂಟೆಲ್ ವೈಫೈ ಎಂದರೆ ಲಿನಕ್ಸ್ ಬಳಸುವವರಿಗೆ ನಿಶ್ಚಿಂತೆ ಎಂಬ ಹೆಸರು ನಿಧಾನಕ್ಕೆ ನಿಂತಿತು. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಮಾತ್ರ ಬ್ರಾಡ್‌ಕಾಮ್ ಚಿಪ್ಪುಗಳೇ ತುಂಬಿಕೊಂಡಿದ್ದವು. ಬ್ರಾಡ್‌ಕಾಮ್ ಕೈಪಿಡಿ ಕೊಡಲಿಲ್ಲ. ಕೆಲವರು ಆ ಡ್ರೈವರಿನ ಒಳಗನ್ನು ಬಗೆದು ನೋಡಿ ವಿವರಣೆ ಬರೆದರು. ಬೇರೆ ಕೆಲವರು ಆ ವಿವರಣೆಯನ್ನಷ್ಟೇ ಓದಿ ಹೊಸ ಡ್ರೈವರ್ ಬರೆದರು. ಕಾನೂನಿನ ತಕರಾರು ಬಾರದಿರಲೆಂದು ಎರಡು ಗುಂಪುಗಳ ನಡುವೆ ಗೋಡೆ. 2006ರಲ್ಲಿ ಅದು ಕರ್ನಲ್ ಸೇರಿತು. ಅಷ್ಟು ಕಾಯಲಾರದವರು ಎನ್‌ಡಿಐಎಸ್‌ವ್ರ್ಯಾಪರ್ ಎಂಬ ಸಾಧನದಿಂದ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನೊಳಗೆ ಕೂರಿಸಿಕೊಂಡರು. ಬ್ರಾಡ್‌ಕಾಮ್ ತಾನಾಗಿ ಮುಕ್ತ ಡ್ರೈವರ್ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ.

ಆ ಕಾಲದ ಭಾರತದಲ್ಲಿ ಲಿನಕ್ಸ್ ಬರುತ್ತಿದ್ದುದು ಸಿಡಿಯಲ್ಲಿ. ಪತ್ರಿಕೆಗಳ ಜೊತೆ ಉಚಿತ ಸಿಡಿ ಬರುತ್ತಿತ್ತು. ‘ಲಿನಕ್ಸ್ ಫಾರ್ ಯು’ ಎಂಬ ಇಂಗ್ಲಿಷ್ ಮಾಸಪತ್ರಿಕೆ 2003ರಲ್ಲಿ ದೆಹಲಿಯಿಂದ ಹೊರಟಿತು. ಉಬುಂಟುವಿನವರು ವಿಳಾಸ ಕೊಟ್ಟವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. ಆ ಪದ್ಧತಿ ನಿಂತದ್ದು 2011ರಲ್ಲಿ. ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಸಿಡಿ ಹಾಕಿದರೆ ಎಲ್ಲ ಬರುತ್ತಿತ್ತು, ವೈಫೈ ಒಂದು ಬಿಟ್ಟು. ಅದರ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕನ್ನಡದವರಿಗೆ ಇನ್ನೊಂದು ತೊಡಕಿತ್ತು. ಬರಹ, ನುಡಿ ಎರಡೂ ವಿಂಡೋಸ್‌ಗಾಗಿ ಹುಟ್ಟಿದ ತಂತ್ರಾಂಶಗಳು. ಯುನಿಕೋಡ್ ಬಳಕೆಗೆ ಬರುವ ಮೊದಲು ಅವುಗಳಲ್ಲಿ ಟೈಪಾದ ಪುಸ್ತಕ, ಅರ್ಜಿ, ಆಹ್ವಾನಪತ್ರಿಕೆಗಳ ರಾಶಿ ಆಯಾ ಫಾಂಟುಗಳ ಸಂಕೇತದಲ್ಲೇ ಕುಳಿತಿತ್ತು. ಲಿನಕ್ಸ್‌ಗೆ ಹೋದರೆ ಅವೆಲ್ಲ ಓದಲಾಗದ ಗುರುತುಗಳ ಸಾಲು. ಯುನಿಕೋಡ್ ಇದ್ದರೂ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಅಕ್ಷರ ಜೋಡಿಸುವ ಎಂಜಿನ್ ಬೇಕು, ಫಾಂಟ್ ಬೇಕು. ರೆಡ್‌ಹ್ಯಾಟ್ ಬಿಡುಗಡೆ ಮಾಡಿದ ಲೋಹಿತ್ ಫಾಂಟುಗಳಲ್ಲಿ ಕನ್ನಡವೂ ಇತ್ತು. ಹಾರ್ಫ್‌ಬಜ್ ಎಂಬ ಮುಕ್ತ ಎಂಜಿನ್ ಪಕ್ವವಾದ ಮೇಲೆ ಲಿನಕ್ಸ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲ ಕಡೆ ಕನ್ನಡ ಒಂದೇ ಸಮ ಕಾಣತೊಡಗಿತು. ಇವತ್ತು ಲ್ಯಾಪ್‌ಟಾಪ್ ಆರಿಸುವಾಗ ಕನ್ನಡದ ಚಿಂತೆ ಮಾಡಬೇಕಾಗಿಲ್ಲ ಎಂಬುದೇ ಹಿಂದಿನವರ ದೊಡ್ಡ ಗಳಿಕೆ. ಹಳೆಯ ನುಡಿ ಕಡತಗಳಿದ್ದರೆ ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕು, ಅಷ್ಟೇ.

ಗ್ರಾಫಿಕ್ಸ್ ಚಿಪ್ಪುಗಳ ಕತೆಯೂ ಇದೇ ಜಾಡಿನದು, ಮೂರು ಕಂಪನಿಗಳ ಸ್ವಭಾವದಿಂದ ಮೂರು ದಾರಿ ಹಿಡಿದದ್ದು. ಇಂಟೆಲ್ 2006ರ ಹೊತ್ತಿಗೆ ತನ್ನ ಚಿಪ್ಪುಗಳಿಗೆ ತಾನೇ ಮುಕ್ತ ಡ್ರೈವರ್ ಬರೆಸುತ್ತಿತ್ತು. ಎಎಂಡಿ 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡು, ಮರುವರ್ಷ ಸೆಪ್ಟೆಂಬರಿನಲ್ಲಿ ಚಿಪ್ಪುಗಳ ಕೈಪಿಡಿ ಪ್ರಕಟಿಸಲು ಹೊರಟಿತು. ಎನ್‌ವಿಡಿಯಾ ತನ್ನದೇ ಮುಚ್ಚಿದ ಡ್ರೈವರ್ ಕೊಟ್ಟು ಕೈತೊಳೆದುಕೊಂಡಿತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಟೊರ್ವಾಲ್ಡ್ಸ್ ಕ್ಯಾಮೆರಾ ಎದುರೇ ಆ ಕಂಪನಿಗೆ ಮಧ್ಯದ ಬೆರಳು ತೋರಿಸಿದ್ದು ಜಗತ್ತಿಗೆಲ್ಲ ಗೊತ್ತು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಕರ್ನಲ್‌ಗೆ ಸೇರುವ ಭಾಗವನ್ನು ಮುಕ್ತಗೊಳಿಸಿತು. ಆದರೂ ಇಂಟೆಲ್ ಚಿಪ್ಪಿನ ಜೊತೆ ಎನ್‌ವಿಡಿಯಾ ಚಿಪ್ಪನ್ನೂ ಕೂರಿಸಿದ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಬೇಗ ಬರಿದಾಗುವುದು, ಹೊರಗಿನ ಪರದೆ ಹಠ ಹಿಡಿಯುವುದು ಪೂರ್ತಿ ನಿಂತಿಲ್ಲ. ಅನುವಾದ, ಬರವಣಿಗೆ, ಪಾಠ, ಲೆಕ್ಕಪತ್ರ ಇಷ್ಟೇ ಕೆಲಸವಿದ್ದವರು ಆ ಎರಡನೇ ಚಿಪ್ಪಿಗೆ ದುಡ್ಡು ಕೊಡುವುದು ಎತ್ತಿಲ್ಲದ ಮನೆಯಲ್ಲಿ ನೇಗಿಲು ಕೊಂಡಂತೆ.

ಅಗ್ಗದ ಯಂತ್ರಕ್ಕೆ ಲಿನಕ್ಸ್ ಹಾಕಿ ಮಾರುವ ಪ್ರಯತ್ನಗಳೂ ನಡೆದವು. 2007ರಲ್ಲಿ ಅಸುಸ್ ತಂದ ಪುಟಾಣಿ ಈ ಪಿಸಿ ಲಿನಕ್ಸ್ ಜೊತೆಗೇ ಬಂದು ಬಿಸಿ ದೋಸೆಯಂತೆ ಖರ್ಚಾಯಿತು. ಗಾಬರಿಗೊಂಡ ಮೈಕ್ರೋಸಾಫ್ಟ್ ಇಂಥ ಕಿರು ಯಂತ್ರಗಳಿಗಾಗಿ ಹಳೆಯ ಎಕ್ಸ್‌ಪಿಯ ಆಯುಷ್ಯವನ್ನೇ ಹೆಚ್ಚಿಸಿತು. ಎರಡು ಮೂರು ವರ್ಷದಲ್ಲಿ ಆ ವರ್ಗದಲ್ಲೂ ವಿಂಡೋಸೇ ಮೇಲಾಯಿತು. ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪಕ್ಕದಲ್ಲಿ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ ಇತ್ತು. ನಮ್ಮ ಅಂಗಡಿಗಳಲ್ಲಿ ಇನ್ನೊಂದು ಬಗೆಯೂ ಬಹುಕಾಲ ಚಾಲ್ತಿಯಲ್ಲಿತ್ತು: ‘ಡಾಸ್ ಲ್ಯಾಪ್‌ಟಾಪ್’. ವಿಂಡೋಸ್ ಲೈಸೆನ್ಸಿನ ದುಡ್ಡು ಕಳೆದು ಕಡಿಮೆ ಬೆಲೆಗೆ ಮಾರುವ ಈ ಯಂತ್ರಗಳಲ್ಲಿ ಇರುತ್ತಿದ್ದುದು ಫ್ರೀಡಾಸ್, ಜಿಮ್ ಹಾಲ್ 1994ರಲ್ಲಿ ಶುರು ಮಾಡಿದ ಮುಕ್ತ ತಂತ್ರಾಂಶ. ಹೆಚ್ಚಿನವರು ಮನೆಗೆ ತಂದು ಅದರ ಮೇಲೆ ಕಳ್ಳ ವಿಂಡೋಸ್ ಹಾಕಿಸಿಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು. ಡಾಸ್ ಎಂದು ಚೀಟಿ ಅಂಟಿಸಿದ ಮಾತ್ರಕ್ಕೆ ಆ ಯಂತ್ರ ಲಿನಕ್ಸ್‌ಗೆ ಹೊಂದುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಒಳಗಿನ ಚಿಪ್ಪು ಬದಲಾಗಿರುವುದಿಲ್ಲ.

ಹಾಗಾದರೆ ನಿಜಕ್ಕೂ ಹೊಂದಿದ ಯಂತ್ರ ಯಾವುದು? ಲಿನಕ್ಸ್ ಬಳಗದಲ್ಲಿ ಈ ಪ್ರಶ್ನೆಗೆ ಮೂವತ್ತು ವರ್ಷದಿಂದ ಬರುತ್ತಿರುವ ಉತ್ತರ ಥಿಂಕ್‌ಪ್ಯಾಡ್. 1992ರಲ್ಲಿ ಐಬಿಎಂ ಕಪ್ಪು ಪೆಟ್ಟಿಗೆ, ಕೀಲಿಗಳ ನಡುವೆ ಕೆಂಪು ಗುಂಡಿ ಇಟ್ಟು 700ಸಿ ಮಾದರಿಯನ್ನು ತಂದಾಗ ಲಿನಕ್ಸ್ ಅದರ ಲೆಕ್ಕದಲ್ಲಿರಲಿಲ್ಲ. ಅದು ಗುತ್ತಿಗೆಯಲ್ಲಿ ಸಾವಿರಗಟ್ಟಲೆ ಕೊಳ್ಳುವ ಬ್ಯಾಂಕು, ಕಂಪನಿಗಳಿಗಾಗಿ ಮಾಡಿದ್ದು. ಅಂಥ ಗಿರಾಕಿ ಕೇಳುವುದು ಬೇರೆಯದನ್ನೇ: ಮೂರು ವರ್ಷ ಒಂದೇ ಮಾದರಿ ಸಿಗಬೇಕು, ಒಳಗಿನ ಚಿಪ್ಪು ತಿಂಗಳಿಗೊಂದು ಸಲ ಬದಲಾಗಬಾರದು, ಕೀಲಿಮಣೆ ಕೆಟ್ಟರೆ ಕಚೇರಿಯಲ್ಲೇ ಬದಲಿಸಬೇಕು. ಹೀಗಾಗಿ ಐಬಿಎಂ ಯಂತ್ರವನ್ನು ತಿರುಪು ತಿರುಪಾಗಿ ಬಿಚ್ಚುವ ರಿಪೇರಿ ಕೈಪಿಡಿಯನ್ನು ಯಾರು ಬೇಕಾದರೂ ಓದುವಂತೆ ಇಟ್ಟಿತು. ಲೆನೊವೊ ಆ ರೂಢಿಯನ್ನು ಇಂದಿಗೂ ಬಿಟ್ಟಿಲ್ಲ. 2000ದಲ್ಲಿ ಐಬಿಎಂ ಲಿನಕ್ಸ್ ಮೇಲೆ ನೂರು ಕೋಟಿ ಡಾಲರ್ ಹೂಡುತ್ತೇನೆಂದು ಸಾರಿದಾಗ ಆ ಕಂಪನಿಯ ಲಿನಕ್ಸ್ ಎಂಜಿನಿಯರುಗಳ ಮುಂದೆ ಇದ್ದುದೂ ಇದೇ ಯಂತ್ರ. ಅವರಿಗೆ ತೊಂದರೆಯಾದರೆ ಅವರೇ ಸರಿಪಡಿಸಿದರು. ಬೇರೆ ಕಂಪನಿಗಳ ಕರ್ನಲ್ ಎಂಜಿನಿಯರುಗಳೂ ಅದನ್ನೇ ಹಿಡಿದರು. ಥಿಂಕ್‌ಪ್ಯಾಡಿನ ವಿಶೇಷ ಗುಂಡಿ, ಫ್ಯಾನು, ದೀಪಗಳಿಗೆಂದೇ ಒಂದು ಡ್ರೈವರ್ ಕರ್ನಲ್ ಒಳಗೆ ಬಂದು ಕೂತಿತು. 2005ರಲ್ಲಿ ಐಬಿಎಂ ಈ ವ್ಯವಹಾರವನ್ನು ಚೀನಾದ ಲೆನೊವೊಗೆ ಮಾರಿದ ಮೇಲೂ ಮೇಜಿನ ಮೇಲಿನ ಯಂತ್ರ ಬದಲಾಗಲಿಲ್ಲ. ಹೆಲ್ಸಿಂಕಿಯ ಹುಡುಗ ಹೇಳಿದ ಕಾರಣವೇ ಇಲ್ಲಿಯೂ ನಡೆಯಿತು.

ಲಿನಕ್ಸ್‌ಗೆಂದೇ ಪರೀಕ್ಷಿಸಿದ ಯಂತ್ರಗಳು ದೊಡ್ಡ ಕಂಪನಿಗಳಿಂದ ಬಂದದ್ದು ತಡವಾಗಿ. ಡೆಲ್ 2012ರಲ್ಲಿ ‘ಸ್ಪುಟ್ನಿಕ್’ ಎಂಬ ಹೆಸರಿಟ್ಟು ಎಕ್ಸ್‌ಪಿಎಸ್ 13 ಮಾದರಿಯನ್ನು ಉಬುಂಟು ಜೊತೆ ಮಾರಲು ಹೊರಟಿತು. ಲೆನೊವೊ 2020ರಲ್ಲಿ ಕೆಲವು ಥಿಂಕ್‌ಪ್ಯಾಡುಗಳನ್ನು ಫೆಡೋರಾ ಹಾಕಿ ಮಾರಿತು. ಎರಡೂ ಮಧ್ಯಮ ಬೆಲೆಯವಲ್ಲ. ಆದರೆ ಅದರ ಫಲ ಕೆಳಗಿಳಿಯುತ್ತದೆ: ಡ್ರೈವರ್ ಒಮ್ಮೆ ಕರ್ನಲ್ ಸೇರಿತೆಂದರೆ ಅದೇ ಚಿಪ್ ಇರುವ ಅರ್ಧ ಬೆಲೆಯ ಯಂತ್ರಕ್ಕೂ ಅದು ದಕ್ಕುತ್ತದೆ.

ಅದೇ 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂದಾಗ ಎಲ್ಲರೂ ಹೆದರಿದ್ದರು. ಸಹಿ ಇಲ್ಲದ ಯಾವುದನ್ನೂ ಯಂತ್ರ ಶುರು ಮಾಡುವುದಿಲ್ಲ, ಸಹಿ ಹಾಕುವುದು ಮೈಕ್ರೋಸಾಫ್ಟ್. ಮ್ಯಾಥ್ಯೂ ಗ್ಯಾರೆಟ್ ‘ಶಿಮ್’ ಎಂಬ ಪುಟ್ಟ ಕೊಂಡಿಯನ್ನು ಬರೆದು ಅದಕ್ಕೆ ಮೈಕ್ರೋಸಾಫ್ಟಿನ ಸಹಿ ದೊರೆಯುವಂತೆ ಮಾಡಿದರು. ಉಬುಂಟು, ಫೆಡೋರಾ, ಡೆಬಿಯನ್ ಇಂದಿಗೂ ಅದರ ಮೂಲಕವೇ ಶುರುವಾಗುತ್ತವೆ. ಬಯೋಸ್ ಅಪ್‌ಡೇಟ್ ಮಾಡಲಿಕ್ಕೆಂದೇ ವಿಂಡೋಸ್ ಇಟ್ಟುಕೊಳ್ಳಬೇಕಾಗಿದ್ದ ಪೀಡೆಯನ್ನು ರಿಚರ್ಡ್ ಹ್ಯೂಸ್ 2015ರಲ್ಲಿ ತಂದ ಎಫ್‌ಡಬ್ಲ್ಯುಅಪ್‌ಡಿ ಬಹುಮಟ್ಟಿಗೆ ನೀಗಿತು. ಡೆಲ್ ಅದನ್ನು ಮೊದಲು ಒಪ್ಪಿತು, ಲೆನೊವೊ 2018ರಲ್ಲಿ ಸೇರಿತು. ಮುಕ್ತವಲ್ಲದ್ದನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತಿದ್ದ ಡೆಬಿಯನ್ ಕೂಡ 2022ರಲ್ಲಿ ಮತ ಹಾಕಿ, ಮರುವರ್ಷದ 12ನೇ ಆವೃತ್ತಿಯಿಂದ ವೈಫೈ ಫರ್ಮ್‌ವೇರನ್ನು ತನ್ನ ಇನ್‌ಸ್ಟಾಲರಿನ ಒಳಗೇ ಬಿಟ್ಟುಕೊಂಡಿತು. ತತ್ವಕ್ಕೆ ಸ್ವಲ್ಪ ಪೆಟ್ಟು ಬಿತ್ತು. ಹಾಸ್ಟೆಲ್ ಹುಡುಗನ ಗಾದೆಯ ಬಿಕ್ಕಟ್ಟಂತೂ ಬಿಡಿಸಿತು.

ಈಗ ಉಳಿದಿರುವ ದೊಡ್ಡ ತಲೆನೋವು ನಿದ್ದೆಯದು. ಮುಚ್ಚಳ ಮುಚ್ಚಿದರೆ ಮೆಮೊರಿಗೆ ಮಾತ್ರ ಚೂರು ವಿದ್ಯುತ್ ಬಿಟ್ಟು ಉಳಿದದ್ದೆಲ್ಲ ಆರುವುದು ಹಳೆಯ ಪದ್ಧತಿ, ಅದರ ಹೆಸರು ಎಸ್3. ಫೋನಿನಂತೆ ಅರೆನಿದ್ದೆಯಲ್ಲಿರುವ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಬೇಕೆಂದು ಮೈಕ್ರೋಸಾಫ್ಟ್ ಬಯಸಿದ ಮೇಲೆ ಹಲವು ಹೊಸ ಲ್ಯಾಪ್‌ಟಾಪುಗಳಿಂದ ಎಸ್3 ಮಾಯವಾಯಿತು. ಅರೆನಿದ್ದೆ ಸರಿಯಾಗಿ ಹತ್ತದಿದ್ದರೆ ಚೀಲದೊಳಗೇ ಯಂತ್ರ ಬಿಸಿಯಾಗಿ, ಊರು ತಲುಪುವಷ್ಟರಲ್ಲಿ ಬ್ಯಾಟರಿ ಖಾಲಿ. 2018ರ ಎಕ್ಸ್1 ಕಾರ್ಬನ್ ಮಾದರಿಯಲ್ಲಿ ಎಸ್3 ಇಲ್ಲವೆಂದು ಬಳಕೆದಾರರು ದೂರಿದಾಗ ಲೆನೊವೊ ಬಯೋಸ್ ಅಪ್‌ಡೇಟ್ ಕೊಟ್ಟು ನಿದ್ದೆಯ ಬಗೆ ಆರಿಸುವ ಜಾಗದಲ್ಲಿ ಎರಡು ಹೆಸರು ಇಟ್ಟಿತು: ವಿಂಡೋಸ್ 10, ಲಿನಕ್ಸ್. ವರ್ಷಗಟ್ಟಲೆ ವೇಷ ಹಾಕಿ ಓಡಾಡಿದವನ ನಿಜ ಹೆಸರು ಕೊನೆಗೂ ಬಯೋಸ್‌ನ ಪಟ್ಟಿಯಲ್ಲಿ ಕಂಡಿತು.

ಇಷ್ಟೆಲ್ಲ ತಿಳಿದ ಮೇಲೆ 40ರಿಂದ 60 ಸಾವಿರದ ಒಳಗೆ ಕೊಳ್ಳುವವರ ಮುಂದೆ ಎರಡು ದಾರಿ. ಮೊದಲನೆಯದು ಹೊಸ ಯಂತ್ರ: ಇಂಟೆಲ್ ಅಥವಾ ಎಎಂಡಿಯ ಒಳಗಿನ ಗ್ರಾಫಿಕ್ಸ್ ಮಾತ್ರ ಇರುವುದು, ಇಂಟೆಲ್ ವೈಫೈ ಸಿಕ್ಕರೆ ಉತ್ತಮ. ಮೀಡಿಯಾಟೆಕ್‌ನ ಎಂಟಿ7921ಗೆ 2021ರಿಂದ ಕರ್ನಲ್‌ನಲ್ಲೇ ಡ್ರೈವರ್ ಇದೆ. ರಿಯಲ್‌ಟೆಕ್ ಆದರೆ ಯಾವ ಚಿಪ್ ಎಂದು ಅಂಕಿ ಸಮೇತ ತಿಳಿದುಕೊಳ್ಳಬೇಕು. ಮಾರುಕಟ್ಟೆಗೆ ಬಂದು ಎರಡು ತಿಂಗಳೂ ಆಗದ ಮಾದರಿಯನ್ನು ಬಿಡುವುದು ಒಳ್ಳೆಯದು. ಕರ್ನಲ್ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸದಾಗುತ್ತದೆ, ಡೆಬಿಯನ್‌ನಂಥ ನಿಧಾನದ ವಿತರಣೆಗೆ ಅದು ತಲುಪುವುದು ಇನ್ನೂ ತಡ. ಇಂಟೆಲ್‌ನ 12ನೇ ಪೀಳಿಗೆಯ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾವನ್ನೇ ಹೊಸ ರೀತಿಯಲ್ಲಿ ಜೋಡಿಸಿದ್ದರಿಂದ ಲಿನಕ್ಸ್‌ನಲ್ಲಿ ಅದು ಬಹಳ ಕಾಲ ಕುರುಡಾಗಿತ್ತು. ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪುಗಳನ್ನು ಸದ್ಯಕ್ಕೆ ಮುಟ್ಟದಿರುವುದೇ ಲೇಸು.

ಎರಡನೆಯ ದಾರಿ ಕಂಪನಿಗಳ ಗುತ್ತಿಗೆ ಮುಗಿಸಿ ಹೊರಬಿದ್ದ ಯಂತ್ರಗಳದ್ದು. ದೆಹಲಿಯ ನೆಹರು ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಇವು ರಾಶಿ ರಾಶಿಯಾಗಿ ಬಂದು ಬೀಳುತ್ತವೆ. ಲಿನಕ್ಸ್ ಬಳಸುವವರಿಗೆ ಇದೇ ವಾಸಿ. ಚಿಪ್ಪಿಗೆ ನಾಲ್ಕೈದು ವರ್ಷ ವಯಸ್ಸಾಗಿರುತ್ತದೆ, ಆ ನಾಲ್ಕೈದು ವರ್ಷ ಯಾರೋ ಅದರ ಮೇಲೆ ಕೂತು ತಪ್ಪು ತಿದ್ದಿರುತ್ತಾರೆ. ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಮೂರೂ ಈ ಜಾತಿಯವು. 2018ರ ಟಿ480ರಲ್ಲಿ ಮೆಮೊರಿಗೆ ಎರಡು ಸ್ಲಾಟ್ ಇವೆ, ಹಿಂಬದಿಯ ಬ್ಯಾಟರಿಯನ್ನು ಕೈಯಲ್ಲೇ ಕಳಚಬಹುದು. 2020ರ ಟಿ14ಕ್ಕೆ ಬರುವಷ್ಟರಲ್ಲಿ ಒಂದು ಪಾಲು ಮೆಮೊರಿ ಬೋರ್ಡಿಗೆ ಬೆಸುಗೆಯಾಗಿ ಒಂದೇ ಸ್ಲಾಟ್ ಉಳಿಯಿತು. ಟಿ480ರ ಥಂಡರ್‌ಬೋಲ್ಟ್ ಫರ್ಮ್‌ವೇರಿನಲ್ಲಿ ಒಂದು ದೋಷವಿತ್ತು. ಅಪ್‌ಡೇಟ್ ಮಾಡದೆ ಬಿಟ್ಟರೆ ಚಾರ್ಜ್ ಮಾಡುವ ಯುಎಸ್‌ಬಿ-ಸಿ ಕಿಂಡಿಯೇ ಕೆಲಸ ನಿಲ್ಲಿಸಬಹುದು. ಅದು ಆಗಿದೆಯೇ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿರುವುದಿಲ್ಲ, ಆದರೂ ಕೇಳಿ. ನೀವು ಬಲ್ಲವರೆಂದು ಬೆಲೆ ಸ್ವಲ್ಪ ಇಳಿಯುತ್ತದೆ.

ಹೋಗುವಾಗ ಉಬುಂಟು ಅಥವಾ ಫೆಡೋರಾ ಬರೆದ ಒಂದು ಪೆನ್‌ಡ್ರೈವ್ ಜೇಬಿನಲ್ಲಿರಲಿ. ಡಿಸ್ಕ್ ಮುಟ್ಟದೆ ಹೊರಗಿನಿಂದಲೇ ಇಡೀ ಲಿನಕ್ಸ್ ಓಡಿಸಿ ನೋಡುವ ಈ ರೂಢಿಯನ್ನು 2000ದಲ್ಲಿ ಕ್ಲಾಸ್ ಕ್ನೋಪರ್ ತಮ್ಮ ‘ಕ್ನೋಪಿಕ್ಸ್’ ಸಿಡಿಯಿಂದ ಜನಪ್ರಿಯಗೊಳಿಸಿದರು. ಮೊದಲು ಬಯೋಸ್ ತೆರೆಯಿರಿ. ಹಳೆಯ ಕಂಪನಿಯ ಪಾಸ್‌ವರ್ಡ್ ಕೇಳಿದರೆ ಆ ಯಂತ್ರವನ್ನು ಅಲ್ಲೇ ಇಟ್ಟು ಮುಂದಿನದಕ್ಕೆ ಹೋಗಿ. ಆಮೇಲೆ ಪೆನ್‌ಡ್ರೈವಿನಿಂದ ಶುರು ಮಾಡಿ ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಸೇರಿಸಿ, ಕ್ಯಾಮೆರಾ ನೋಡಿ, ಒಂದು ಹಾಡು ಹಾಕಿ, ಬೆಳಕಿನ ಗುಂಡಿ ಒತ್ತಿ. ಕೊನೆಗೆ ಮುಚ್ಚಳ ಮುಚ್ಚಿ, ಅಂಗಡಿಯವನನ್ನೂ ಕರೆದುಕೊಂಡು ಪಕ್ಕದಲ್ಲಿ ಒಂದು ಚಹಾ ಕುಡಿದು ಬನ್ನಿ. ತೆರೆದಾಗ ಪರದೆ ಎರಡು ಸೆಕೆಂಡಿನೊಳಗೆ ಬೆಳಗಿ ಹಾಡು ನಿಂತಲ್ಲಿಂದ ಮುಂದುವರಿದರೆ ದುಡ್ಡು ಎಣಿಸಬಹುದು.